ಕಾದವರ ಲೆಕ್ಕ

ಹೆಣ ಒಯ್ಯುವ ವ್ಯಾನಿಗೆ ಒಂದು ದರ, ಮಹಡಿಯಿಂದ ಇಳಿಸಲು ಕೈಹಾಕುವ ಇಬ್ಬರಿಗೆ ಇನ್ನೊಂದು, ಹೂವಿಗೆ ಬೇರೆ. ಇಷ್ಟಕ್ಕೂ ಸತ್ತವರ ಬಾಮೈದ ಚೌಕಾಸಿ ಮಾಡದೆ ತಲೆಯಾಡಿಸಿದ್ದ. ಕಾಯುವುದಕ್ಕೆ ಗಂಟೆಗಿಷ್ಟು ಎಂದು ಡ್ರೈವರ್ ಹೇಳಿದಾಗ ಮಾತ್ರ ಅವನ ಹುಬ್ಬು ಮೇಲೇರಿತು.

“ಸುಮ್ನೆ ನಿಂತಿರೋದಕ್ಕೂ ದುಡ್ಡಾ?”

“ಸುಮ್ನೆ ಎಲ್ಲಿ ಸಾರ್? ನಾನಿಲ್ಲಿ ನಿಂತಿದ್ರೆ ಅಲ್ಲಿ ಇನ್ನೊಂದು ಮನೆಯೋರು ನನಗೋಸ್ಕರ ಕಾಯ್ತಿರ್ತಾರೆ.”

ಡ್ರೈವರನ ದನಿಯಲ್ಲಿ ಜಗಳವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ, ಅಷ್ಟೆ. ಕಾರಿನ ಬೀಗದ ಕೈ ಹಿಡಿದು ಮೆಟ್ಟಿಲೇರಲು ಹೊರಟಿದ್ದ ಸರ್ಜನ್ ಮಾತ್ರ ಒಂದು ಕ್ಷಣ ನಿಂತುಬಿಟ್ಟರು. ಮೇಲೆ ಮಲಗಿದ್ದವರು ಬದುಕಿದ್ದಿದ್ದರೆ ಡ್ರೈವರನ ಬೆನ್ನು ತಟ್ಟಿ ಒಳಗೆ ಕರೆದು ಕೂರಿಸುತ್ತಿದ್ದರು.

ಸತ್ತವರು ಆಸ್ಪತ್ರೆಯ ಲೆಕ್ಕದವರು. ಸಂಬಳ ಬಿಲ್ಲುಗಳ ಲೆಕ್ಕವಲ್ಲ, ಯಾವ ಔಷಧಿ ಯಾರನ್ನು ಉಳಿಸಿತು, ಯಾವುದು ಉಳಿಸಿದ ಹಾಗೆ ಕಂಡಿತು ಎಂದು ಬೇರ್ಪಡಿಸುವ ಸಂಖ್ಯಾಶಾಸ್ತ್ರದ ಲೆಕ್ಕ. ಸರ್ಜನ್ನರ ತಲೆಗೂದಲು ಕಪ್ಪಗಿದ್ದ ಕಾಲದಿಂದಲೂ ಇಬ್ಬರೂ ಜೋಡಿ. ಇವರು ಕೊಯ್ಯುವುದು, ಅವರು ಜರಡಿ ಹಿಡಿಯುವುದು. ಅವರ ಜರಡಿ ದಾಟದ ಮಾತನ್ನು ಸರ್ಜನ್ ಯಾವ ಸಭೆಯಲ್ಲೂ ಆಡಿದವರಲ್ಲ.

ಮೇಲಿನ ಮುಂಗೋಣೆಯಲ್ಲಿ ಊಟದ ಮೇಜನ್ನು ಗೋಡೆಗೆ ಒತ್ತರಿಸಿ ಜಾಗ ಮಾಡಿದ್ದರು. ಮೇಜಿನ ಕಾಲು ಇದ್ದ ಕಡೆ ನೆಲದ ಮೇಲೆ ನಾಲ್ಕು ಬಿಳಿ ಗುರುತು. ದೇಹ ಅವುಗಳ ನಡುವೆ. ಕನ್ನಡಕ ತೆಗೆದಿದ್ದರಿಂದ ಮುಖ ಯಾರದೋ ಎನ್ನುವ ಹಾಗಿತ್ತು. ಮಗಳು ಬರುವ ರೈಲು ತಡವಾಗಿದೆಯೆಂದು ಎಲ್ಲರೂ ಕೂತಿದ್ದರು.

ವಾರ್ಡಿನ ನರ್ಸುಗಳು ಮೂಲೆಯಲ್ಲಿ ತಗ್ಗಿದ ದನಿಯಲ್ಲಿ ಹಳೆಯದನ್ನು ನೆನೆಯುತ್ತಿದ್ದರು. ಅವರೆಲ್ಲರ ಬಾಯಲ್ಲಿ ಲೆಕ್ಕದವರ ಹೆಸರು ‘ಆದರೆ ಸಾರ್’. ಯಾರು ಏನೇ ಹೇಳಲಿ, ‘ಆದರೆ’ ಎಂದೇ ಅವರ ಮಾತು ಶುರು. ಒಮ್ಮೆ ಹಿರಿಯ ನರ್ಸು ಸಾರ್ ಕಾಫಿ ಬಿಸಿಯಾಗಿದೆ ಎಂದಿದ್ದಕ್ಕೆ, ಆದರೆ ಯಾವುದಕ್ಕಿಂತ ಎಂದು ಕೇಳಿದ್ದರಂತೆ. ನಗು ಬಂದು, ತಡೆದು, ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಲೆಕ್ಕದವರ ಹೆಂಡತಿ ಎದ್ದು ಬಂದು ಸರ್ಜನ್ನರ ಮುಂದೆ ನಿಂತರು. ಮುಖದಲ್ಲಿ ಅತ್ತ ಗುರುತು ಇರಲಿಲ್ಲ. ಅದಿನ್ನೂ ಬಾಕಿ ಇದ್ದ ಹಾಗಿತ್ತು.

“ಬಂದೋರೆಲ್ಲ ಆಪರೇಷನ್ ಆಗಿತ್ತಾ ಅಂತ ಕೇಳ್ತಾರೆ. ಇಲ್ಲ, ಆಗ್ಬೇಕಿತ್ತು ಅಂತೀನಿ. ಹಾಗಾದ್ರೆ ಯಾತರಿಂದ ಹೋದ್ರು ಅಂತಾರೆ. ನಾನೇನು ಹೇಳ್ಲಿ ಡಾಕ್ಟ್ರೇ?”

ಸರ್ಜನ್ ಹೃದಯದ ಕವಾಟದ ಬಗ್ಗೆ ಏನೋ ಹೇಳಿದರು. ರೋಗಿಗಳ ಮನೆಯವರಿಗೆ ಹೇಳಿ ಹೇಳಿ ನಾಲಿಗೆಯ ಮೇಲೆ ಸವೆದ ಮಾತು. ಆಕೆ ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ಮತ್ತೆ ಹೋಗಿ ಕೂತರು.

*

ಎಲ್ಲದಕ್ಕೂ ಮೂಲ ಆ ಹನ್ನೊಂದು ಜನ.

ಕವಾಟ ಕೆಟ್ಟ ಹೃದಯಕ್ಕೆ ಮಾತ್ರೆ ಮೇಲೋ, ಸರ್ಜನ್ ರೂಪಿಸಿದ ಹೊಸ ಆಪರೇಷನ್ ಮೇಲೋ ಎಂದು ನೋಡುವ ಅಧ್ಯಯನ ಅದು. ಯಾರಿಗೆ ಯಾವುದೆಂದು ಚೀಟಿ ಎತ್ತಿ ನಿರ್ಧರಿಸಿದ್ದರು. ಡಾಕ್ಟರ ಇಷ್ಟವೂ ರೋಗಿಯ ವಶೀಲಿಯೂ ನಡೆಯಬಾರದೆಂದು ಅದು ಲೆಕ್ಕದವರ ಹಟ. ಆಪರೇಷನ್ ಚೀಟಿ ಬಂದವರಲ್ಲಿ ಹನ್ನೊಂದು ಜನ ತಮ್ಮ ಸರದಿ ಬರುವ ಮುಂಚೆಯೇ ತೀರಿಕೊಂಡರು. ಇದ್ದದ್ದು ಒಂದೇ ಆಪರೇಷನ್ ಥಿಯೇಟರ್. ಸರ್ಜನ್ ಆ ಹನ್ನೊಂದನ್ನು ಫಲಿತಾಂಶದ ಪಟ್ಟಿಯಿಂದ ತೆಗೆದಿದ್ದರು. ಕದ್ದು ಮುಚ್ಚಿ ಅಲ್ಲ, ಅದೇ ಸರಿಯೆಂದು ನಂಬಿ.

“ನಾನು ಅವರ ಮೈ ಮುಟ್ಟೇ ಇಲ್ಲ,” ಎಂದಿದ್ದರು ಅಂದು, ಲೆಕ್ಕದವರ ಕಿರಿದಾದ ಕೋಣೆಯಲ್ಲಿ. “ನನ್ನ ಚಾಕು ತಾಗದೇ ಇರೋರ ಸಾವು ನನ್ನ ತಲೆಗೆ ಹೇಗೆ ಬರತ್ತೆ?”

“ಆದರೆ ಅವರನ್ನ ಕಾಯಿಸಿದ್ದು ಯಾರು ಡಾಕ್ಟ್ರೇ? ಮಾತ್ರೆ ಚೀಟಿ ಬಂದೋರು ಅವತ್ತೇ ಮಾತ್ರೆ ನುಂಗಿದ್ರು. ಆಪರೇಷನ್ ಚೀಟಿ ಬಂದೋರು ಮನೇಲಿ ಕೂತು ನಿಮ್ಮ ಫೋನ್ ಕಾದ್ರು. ಕಾಯೋದೂ ನಿಮ್ಮ ಆಪರೇಷನ್ನಿನ ಭಾಗವೇ. ಸರದಿ ಬರೋವರೆಗೂ ಜೀವ ಹಿಡಿದೋರನ್ನ ಮಾತ್ರ ಎಣಿಸಿದ್ರೆ, ಗೆದ್ದಿದ್ದು ಆಪರೇಷನ್ ಅಲ್ಲ, ಅವರ ಗಟ್ಟಿತನ.”

ಹನ್ನೊಂದು ಜನರನ್ನು ಬಿಟ್ಟರೆ ಆಪರೇಷನ್ ಮಾತ್ರೆಗಿಂತ ಎದ್ದು ಕಾಣುವಷ್ಟು ಮುಂದೆ. ಸೇರಿಸಿದರೆ ಎರಡೂ ಒಂದೇ. ಮುಂದಿದ್ದರೆ ಮೂರು ಥಿಯೇಟರಿನ ಹೊಸ ಕಟ್ಟಡಕ್ಕೆ ಹಣ ಬರುತ್ತದೆಂದು ಆಸ್ಪತ್ರೆಯ ನಿರ್ದೇಶಕರು ಮಾತು ತೆಗೆದುಕೊಂಡು ಬಂದಿದ್ದರು. ಸರದಿಯೇ ಕೊಲ್ಲುತ್ತಿದೆ ಎಂದು ಇದ್ದದ್ದನ್ನೇ ಬರೆಯಿರಿ, ಥಿಯೇಟರನ್ನು ಅದಕ್ಕೇ ಕೇಳಿ ಎಂದು ಲೆಕ್ಕದವರ ವಾದ. ಗೆಲ್ಲದ ಕುದುರೆಗೆ ಯಾರೂ ಲಾಯ ಕಟ್ಟಿಸುವುದಿಲ್ಲ ಎಂದು ಸರ್ಜನ್ ರೇಗಿದ್ದರು.

ಆಗಲೇ ಬಾಯಿಂದ ಆ ಮಾತು ಬಂದದ್ದು. ಲೆಕ್ಕದವರ ಕವಾಟವೂ ಕೆಟ್ಟು, ಅವರ ಹೆಸರೂ ಸರದಿಯಲ್ಲಿತ್ತು. ಮಾತಾಡುತ್ತ ಆಡುತ್ತ ಅವರ ಉಸಿರು ಹಿಡಿಯುತ್ತಿದ್ದುದು ಸರ್ಜನ್ನರ ಕಣ್ಣಿಗೆ ಬಿತ್ತು.

“ಈ ವರದಿಗೊಂದು ಸಹಿ ಹಾಕಿ. ನಿಮ್ಮ ಆಪರೇಷನ್ನೂ ಬರೋ ವಾರವೇ ಮಾಡಿಬಿಡ್ತೀನಿ.”

ಎರಡು ಬೇರೆ ಬೇರೆ ಮಾತು. ಒಂದಕ್ಕೊಂದು ಗಂಟು ಹಾಕುವ ಉದ್ದೇಶ ಖಂಡಿತ ಇರಲಿಲ್ಲ. ಆದರೆ ಒಂದೇ ಉಸಿರಿನಲ್ಲಿ ಹೊರಬಂದು ಮೇಜಿನ ಮೇಲೆ ಒಂದೇ ಆಗಿ ಕೂತವು. ಲೆಕ್ಕದವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು.

“ನನ್ನ ಮುಂದೆ ಇರೋರು?” ಎಂದಷ್ಟೇ ಕೇಳಿದರು.

ಸಹಿ ಹಾಳಾಗಲಿ, ನೀವು ಬನ್ನಿ ಎಂದು ಒಂದು ಮಾತು ಸಾಕಿತ್ತು. ಮೂಗಿನ ತುದಿಯ ಸಿಟ್ಟು ಆ ಮಾತನ್ನು ನುಂಗಿಹಾಕಿತು. ಆಮೇಲೆ ಇಬ್ಬರೂ ಸಹಾಯಕರ ಬಾಯಲ್ಲೇ ಮಾತಾಡಿದರು, ಲೆಕ್ಕದವರು ತೀರಿಕೊಂಡರೆಂದು ಆಸ್ಪತ್ರೆಯ ಫೋನ್ ಬರುವವರೆಗೆ.

*

ನಿರ್ದೇಶಕರು ಬಂದರು. ದೇಹಕ್ಕೆ ಕೈಮುಗಿದು, ಸರ್ಜನ್ನರನ್ನು ಬಾಲ್ಕನಿಗೆ ಕರೆದರು. ವರದಿ ಸಂಜೆಯೊಳಗೆ ಹೋಗಬೇಕೆಂದು ನೆನಪಿಸಿದರು. ಲೆಕ್ಕದವರ ಹೆಸರಿಲ್ಲದೆ ಅದಕ್ಕೆ ತೂಕವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಇನ್ನು ಬೇಡ ಅನ್ನೋರು ಯಾರಿದಾರೆ?” ಎಂದರು ಮೆಲ್ಲಗೆ. “ಅವರು ಬಾಯಲ್ಲಿ ಒಪ್ಪಿದ್ರು ಅಂತ ನೀವು ಅಂದ್ರೆ ಆಯ್ತು. ಮನೆಯೋರಿಗೂ ಗೌರವ.”

ಅಷ್ಟು ಹೇಳಿ ನಿರ್ದೇಶಕರು ಒಳಗೆ ಹೋಗಿ ಹೆಂಡತಿಯ ಪಕ್ಕ ಕೂತರು. ಅವರು ಕೆಟ್ಟವರಲ್ಲ, ಕಟ್ಟಡ ಎದ್ದರೆ ಎಷ್ಟೋ ಜೀವ ಉಳಿಯುತ್ತದೆಂದು ಮನಸಾರೆ ನಂಬಿದವರು. ದೊಡ್ಡ ವರದಿಯೊಂದರಲ್ಲಿ ನಿಮ್ಮವರ ಹೆಸರು ಬರುತ್ತದೆ, ದೇಶದೇಶದ ಡಾಕ್ಟರುಗಳು ಓದುತ್ತಾರೆ ಎಂದು ಹೇಳುತ್ತಿದ್ದರು. ಮೊದಲ ಸಲ ಆಕೆಯ ಮುಖದಲ್ಲಿ ಒಂದಿಷ್ಟು ಜೀವ ಬಂತು. ಅದೇ ಮುಖವನ್ನು ಸರ್ಜನ್ನರ ಕಡೆ ತಿರುಗಿಸಿದರು.

“ಅವರು ಒಪ್ಪಿದ್ರು ತಾನೆ?”

ನಿರ್ದೇಶಕರು ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು. ಸರ್ಜನ್ ಹೌದು ಎಂದರೆ ಆಕೆಗೆ ಸಂತೋಷ, ಆಸ್ಪತ್ರೆಗೆ ಕಟ್ಟಡ, ತಮಗೆ ಜೀವಮಾನದ ಹೆಸರು. ಸುಳ್ಳೆಂದು ಹೇಳಬಲ್ಲ ಒಬ್ಬರು ಅಲ್ಲೇ ಕಣ್ಣು ಮುಚ್ಚಿ ಮಲಗಿದ್ದರು. ಸರ್ಜನ್ನರ ಬಾಯಿ ತೆರೆಯಿತು.

ಅಷ್ಟರಲ್ಲಿ ಮೆಟ್ಟಿಲಲ್ಲಿ ಓಡಿ ಬರುವ ಹೆಜ್ಜೆ. ಮಗಳು ಚೀಲ ಸಮೇತ ಒಳಗೆ ಬಂದು ಅಪ್ಪನ ಮೇಲೆ ಬಿದ್ದಳು. ಮನೆಯೆಲ್ಲ ಒಮ್ಮೆಗೇ ಅತ್ತಿತು, ಹೆಂಡತಿಯೂ. ಪ್ರಶ್ನೆ ಹಾಗೇ ಉಳಿಯಿತು.

*

ಚಿತಾಗಾರದ ಮುಂದೆ ಇನ್ನೆರಡು ಮನೆಯವರು ಮೊದಲೇ ಬಂದು ನಿಂತಿದ್ದರು. ತಗಡಿನ ಚಾವಣಿ, ಸಿಮೆಂಟಿನ ಬೆಂಚು, ಗೋಡೆಯುದ್ದಕ್ಕೂ ಗಾಲಿಮಂಚಗಳು. ವ್ಯಾನ್ ಡ್ರೈವರ್ ಇಳಿಸಿಕೊಟ್ಟು ಇನ್ನೊಂದು ಮನೆಗೆ ಹೊರಟುಹೋದ.

ಬಾಮೈದ ಹತ್ತಿರ ಬಂದ. “ಇಲ್ಲಿಯೋರಿಗೆ ನಿಮ್ಮ ಗುರುತಿರತ್ತೆ. ನೀವೊಂದು ಮಾತು ಹೇಳಿದ್ರೆ ಬೇಗ ತಗೋತಾರೆ. ಅಕ್ಕ ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ.”

“ಮುಂದೆ ಇರೋರಿದಾರಲ್ಲಪ್ಪ,” ಎಂದರು ಸರ್ಜನ್. ಆಡಿದ ಮೇಲೆ ಅದು ಯಾರ ಮಾತೆಂದು ಗೊತ್ತಾಯಿತು.

ಅವರು ನೇರ ಹೋಗಿ ಹೆಂಡತಿಯ ಪಕ್ಕ ಬೆಂಚಿನ ಮೇಲೆ ಕೂತರು. “ಅವರು ಒಪ್ಪಿರ್ಲಿಲ್ಲ,” ಎಂದರು. ಆಮೇಲೆ ಎಲ್ಲವನ್ನೂ ಹೇಳಿದರು. ಹನ್ನೊಂದು ಜನ, ಸಹಿ, ಬರುವ ವಾರ, ಒಂದೇ ಉಸಿರು. ತಮ್ಮ ಪರವಾಗಿ ಒಂದು ಪದವನ್ನೂ ಸೇರಿಸಲಿಲ್ಲ. ಮಗಳು ಎದ್ದು ದೂರ ಹೋಗಿ ಬೆನ್ನು ತಿರುಗಿಸಿ ನಿಂತಳು. ಹೆಂಡತಿ ಗಾಲಿಮಂಚದ ಕಡೆ ತಿರುಗಿ ಕೇಳಿದರು.

“ಆಪರೇಷನ್ನಿಗೆ ಇವರ ಮುಂದೆ ಇದ್ದೋರು, ಅವರು ಬದುಕಿದಾರಾ?”

“ಇದಾರೆ. ಒಬ್ಬಾಕೆ ನಿನ್ನೆ ಮನೆಗೆ ಹೋದ್ಲು.”

“ಸರಿ,” ಎಂದರು ಆಕೆ. ಕ್ಷಮಿಸಿದ್ದೋ, ಲೆಕ್ಕ ಮುಗಿಸಿದ್ದೋ, ಸರ್ಜನ್ನರಿಗೆ ತಿಳಿಯಲಿಲ್ಲ. ಕೇಳುವ ಹಕ್ಕೂ ಇರಲಿಲ್ಲ.

ನಿರ್ದೇಶಕರು ಗೇಟಿನ ಹತ್ತಿರ ಫೋನಿನಲ್ಲಿದ್ದರು. ಸರ್ಜನ್ ಕಾದು ನಿಂತು, ಅವರು ಮುಗಿಸಿದ ಮೇಲೆ ಹೇಳಿದರು: “ಹನ್ನೊಂದು ಜನರನ್ನೂ ಆಪರೇಷನ್ ಕಡೆಗೆ ಸೇರಿಸಿ. ಅದಾದ ಮೇಲೆ ವರದಿಗೆ ನಮ್ಮ ಲೆಕ್ಕದೋರ ಹೆಸರು ಹಾಕಿ. ಮೊದಲು ಅವರದು, ಆಮೇಲೆ ನನ್ನದು.”

“ಕಟ್ಟಡ ಹೋಗತ್ತೆ.”

“ಹೋಗತ್ತೆ.”

ಒಳಗೆ ಗಂಟೆ ಬಾರಿಸಿದರು. ಮೊದಲನೆಯವರನ್ನು ತೆಗೆದುಕೊಂಡರು. ಸರದಿ ಒಂದು ಮಂಚದಷ್ಟು ಜರುಗಿತು. ಸರ್ಜನ್ ಬಾಗಿ, ಗಾಲಿಯ ಕೊಂಡಿ ಬಿಚ್ಚಿ, ತಾವೇ ಗೆಳೆಯನನ್ನು ಮುಂದಕ್ಕೆ ತಳ್ಳಿ ನಿಲ್ಲಿಸಿದರು. ಮತ್ತೆ ಕೊಂಡಿ ಹಾಕಿ, ಮಂಚದ ಕಂಬಿ ಹಿಡಿದು ನಿಂತರು.

ಕಟ್ಟಡ ಹೋಯಿತು, ಆಪರೇಷನ್ನಿನ ಗೆಲುವೂ ಹೋಯಿತು. ಹನ್ನೊಂದು ಜನ ತಮ್ಮ ಜಾಗಕ್ಕೆ ಬಂದರು. ಗೆಳೆಯನ ಮುಂದೆ ಸರದಿಯಲ್ಲಿ ಇನ್ನೊಬ್ಬರಿದ್ದರು.