ರಾಮಾಂಜಿನಪ್ಪನ ಪಕ್ಕದ ಕುರ್ಚಿ

ಅವರೆಕಾಯಿಗೆ ಸೊಗಡು ಕೂಡುವ ಕಾಲ. ಕೋಳಿ ಕೂಗಿತ್ತು, ಬೆಳಕು ಇನ್ನೂ ಹರಿದಿರಲಿಲ್ಲ. ನಂದಿಬೆಟ್ಟದ ತಲೆ ಮಂಜಿನಲ್ಲಿ ಮುಳುಗಿತ್ತು. ರಾಮಾಂಜಿನಪ್ಪನ ತೋಟದ ಪಂಪ್‌ಹೌಸಿನ ಮುಂದೆ ವೆಂಕಟರವಣಪ್ಪ ತನ್ನ ಲಗೇಜ್ ಆಟೋಗೆ ತರಕಾರಿ ಕ್ರೇಟು ಏರಿಸುತ್ತಿದ್ದ. ಆ ಹೊತ್ತಿನಲ್ಲಿ ಆಡಿದ ಮಾತಿನಿಂದಲೇ ಇದೆಲ್ಲ ಶುರುವಾದದ್ದು.

ಇಬ್ಬರೂ ಅರವತ್ತೈದು ದಾಟಿದವರು. ರಾಮಾಂಜಿನಪ್ಪನದು ಊರೊಳಗೆ ಗೇಟು ಹಾಕಿದ ಮನೆ, ಕೆರೆ ಕೆಳಗಿನ ಜಮೀನು. ವೆಂಕಟರವಣಪ್ಪನದು ಊರಾಚೆಯ ಕಾಲೋನಿ, ಅಲ್ಲೊಂದು ತುಂಡು ಹೊಲ, ಈ ಆಟೋ. ಎಮ್ಮೆ ಕಾಯುವ ವಯಸ್ಸಿನಿಂದ ಜೊತೆ. ಕೆರೆಯಲ್ಲಿ ಈಜು ಕಲಿತದ್ದು ಜೊತೆ, ದ್ರಾಕ್ಷಿ ಹಾಕಿ ಕೈ ಸುಟ್ಟುಕೊಂಡದ್ದು ಜೊತೆ. ಪೇಟೆಯಲ್ಲಿ ಹೊರದೇಶದ ಊಟದ ಹೋಟೆಲುಗಳು ಎದ್ದ ಮೇಲೆ ಬ್ರಕೋಲಿ, ಜುಕಿನಿ, ಚೈನಾ ಕೋಸು ಬೆಳೆಯಲು ಇಳಿದದ್ದೂ ಜೊತೆ. ಬೆಳೆದದ್ದನ್ನು ಚಿಕ್ಕಬಳ್ಳಾಪುರದ ಹೋಟೆಲುಗಳ ಹಿಂಬಾಗಿಲಿಗೆ ಮುಟ್ಟಿಸುವುದು ವೆಂಕಟರವಣಪ್ಪನ ಪಾಲಿನ ಕೆಲಸ.

ರಾಮಾಂಜಿನಪ್ಪನ ಮನೆಯ ಹೊಸ್ತಿಲನ್ನು ಮಾತ್ರ ಅವನು ದಾಟಿದವನಲ್ಲ. ಹಿಂದೆ ಕೊಟ್ಟಿಗೆಯ ಗೋಡೆಗೂಡಿನಲ್ಲಿ ಅವನಿಗೆಂದೇ ಒಂದು ಲೋಟವಿತ್ತು. ಕಾಫಿ ಕುಡಿದು, ತಾನೇ ತೊಳೆದು, ಬೋರಲು ಹಾಕಿ ಬರಬೇಕಿತ್ತು. ಪೇಪರ್ ಕಪ್ಪು ಬಂದ ಮೇಲೆ ಆ ಲೋಟ ಎಲ್ಲಿ ಹೋಯಿತೋ. ಯಾರೂ ಯಾರಿಗೂ ಏನೂ ಹೇಳುವ ಕಷ್ಟ ತಪ್ಪಿತು. ಅಮ್ಮ ಇರೋವರೆಗೂ ತಡಕೋ ಅನ್ನುತ್ತಿದ್ದ ರಾಮಾಂಜಿನಪ್ಪ. ಅಮ್ಮ ಹೋದರು. ಆಮೇಲೆ, ನಮ್ಮೋಳು ಒಂಥರಾ ಕಣೋ ಅಂದ. ವೆಂಕಟರವಣಪ್ಪ ತಡೆದುಕೊಂಡ. ಆಟೋದಲ್ಲಿ ಕೂತಾಗ ನೀನು ಎಂದು ಆಡುವ ಅವನ ಬಾಯಿ ಆ ಗೇಟು ಕಂಡೊಡನೆ ನೀವು ಎಂದು ತಿರುಗುತ್ತಿತ್ತು. ಅದಕ್ಕೂ ಅವನು ಒಗ್ಗಿಹೋಗಿದ್ದ.

ಆ ಮನೆಯಲ್ಲಿ ಅವನ ಕೈಯಿಂದ ತಿಂದವಳೆಂದರೆ ಮೊಮ್ಮಗಳು ಶಿರೀಷಾ ಒಬ್ಬಳೇ. ಮುದ್ದೇನಹಳ್ಳಿಯ ಸ್ಕೂಲಿಗೆ ಅವನ ಆಟೋದಲ್ಲೇ ಹೋಗಿ ಬಂದು ಬೆಳೆದ ಹುಡುಗಿ. ಸಂಜೆ ಡಬ್ಬಿಯಲ್ಲಿ ಉಳಿದ ಚಿತ್ರಾನ್ನವನ್ನು ಅವನ ಜೊತೆ ಹಂಚಿಕೊಂಡು, ಅವನ ಹೆಂಡತಿ ಪೆದ್ದಮ್ಮ ಕಟ್ಟಿಕೊಟ್ಟ ಒಬ್ಬಟ್ಟನ್ನು ಕಿತ್ತುಕೊಂಡು ತಿಂದು, ಮನೆ ಹತ್ತಿರವಾದಾಗ ಬಾಯಿ ಒರೆಸಿಕೊಳ್ಳುತ್ತಿದ್ದಳು. ಯಾರೂ ಹೇಳಿಕೊಡದೆ ಕಲಿತದ್ದು ಅದು.

ಈಗ ಅವಳಿಗೆ ಚಿಂತಾಮಣಿಯ ಕಡೆಯಿಂದ ಗಂಡು ಗೊತ್ತಾಗಿತ್ತು. ಹುಡುಗ ಚೈತನ್ಯ, ಗೌರಿಬಿದನೂರಿನಲ್ಲಿ ಲೆಕ್ಚರರು. ಬೀಗರು ಬರುವ ಭಾನುವಾರ ಮನೆಯಲ್ಲಿ ಎಲೆ ಅಡಿಕೆ ಶಾಸ್ತ್ರ, ಮಧ್ಯಾಹ್ನದ ಊಟ ಮಾತ್ರ ಪೇಟೆಯಲ್ಲಿ, ಅದೂ ಯಾವುದಾದರೂ ಬೇರೆ ದೇಶದ ಊಟ ಆಗಬೇಕು ಎಂದು ಹುಡುಗ ಹುಡುಗಿ ಸೇರಿ ಹಟ ಹಿಡಿದಿದ್ದರು.

"ಏಮ್ರಾ ರವಣಾ, ನಂಗೇನು ಗೊತ್ತಾಗತ್ತೆ ಇವೆಲ್ಲಾ?" ಅಂದ ರಾಮಾಂಜಿನಪ್ಪ, ಕ್ರೇಟಿಗೆ ಕೈ ಕೊಡುತ್ತಾ. "ನೀನು ಎಲ್ಲಾ ಹೋಟ್ಲು ಅಡಿಗೆಮನೆನೂ ನೋಡಿರೋನು. ಯಾವ್ದು ಚೆಂದಾಗೈತೋ ನೀನೇ ಹುಡುಕು." ಆಮೇಲೆ ದನಿ ತಗ್ಗಿಸಿದ. "ಮನೆ ಊಟ ಅಲ್ವಲ್ಲೋ ಇದು. ಯಾರ ಒಲೆನೂ ಅಲ್ಲ, ಯಾರ ಪಾತ್ರೆನೂ ಅಲ್ಲ. ನೀನು ನನ್ ಪಕ್ಕದಾಗೇ ಕೂತ್ಕೋಬೇಕು."

ವೆಂಕಟರವಣಪ್ಪ ಹಗ್ಗ ಬಿಗಿಯುವಾಗ ಗಂಟು ಎರಡು ಸಲ ತಪ್ಪಿತು.

ಆ ವಾರವೆಲ್ಲ ಅವನು ಹೋಟೆಲುಗಳನ್ನು ಬೇರೆ ಕಣ್ಣಿನಿಂದ ನೋಡಿದ. ಬಿ.ಬಿ. ರಸ್ತೆಯ ಚೈನೀಸಿನಲ್ಲಿ ಗೋಬಿ ಕರಿದ ಎಣ್ಣೆ ಕಾಡಿಗೆಯಂತಿತ್ತು. ಅದರಾಚೆ ಗಾಜಿನ ಬಾಗಿಲಿನ ಇಟಲಿ ಊಟದವರಲ್ಲಿ ದೀಪಗಳು ಚೆಂದ, ಅವನೇ ಕೊಟ್ಟ ಜುಕಿನಿ ಮೂಲೆಯಲ್ಲಿ ಬಾಡಿ ಬಿದ್ದಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಅರಬ್ಬೀ ಊಟದ ಸಾಹೇಬರ ಕೈ ಶುದ್ಧ, ಅನ್ನದ ಘಮ ರಸ್ತೆಗೇ ಬರುತ್ತಿತ್ತು. ಆದರೆ ಶಾಸ್ತ್ರದ ದಿನ ಬೀಗರು ಮಾಂಸ ಮುಟ್ಟುವವರಲ್ಲ. ಕೊನೆಗೆ ಉಳಿದದ್ದು ಶಿಡ್ಲಘಟ್ಟ ಸರ್ಕಲ್ಲಿನ ಬಳಿ, ಬಟ್ಟೆ ಅಂಗಡಿಯ ಮೇಲಿನ ಹೋಟೆಲು. ಡಾರ್ಜಿಲಿಂಗ್ ಕಡೆಯ ತಾಶಿ ಎಂಬವನೂ ಅವನ ಹೆಂಡತಿಯೂ ಟಿಬೆಟಿನ, ಥಾಯ್ ದೇಶದ ಅಡಿಗೆ ಮಾಡುತ್ತಿದ್ದರು. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುವ ಮಂದಿ. ಒಲೆಯ ಮೇಲ್ಗಡೆ ಬುದ್ಧನ ಪಟ. ವೆಂಕಟರವಣಪ್ಪನ ಮನೆಯಲ್ಲಿ ಮಗ ಸಿದ್ಧಾರ್ಥ್ ತೂಗುಹಾಕಿದ್ದಂಥದ್ದೇ.

ತಾಶಿ ಒಂದು ಬಟ್ಟಲು ತುಂಬ ತೆಂಗಿನಹಾಲಿನ ಸಾರು ಕೊಟ್ಟ. ನಿಂಬೆಹುಲ್ಲಿನ ವಾಸನೆ ಮೂಗಿಗೇರಿತು. ಹಿಂದಿನ ಮೆಟ್ಟಿಲ ಮೇಲೆ ಕೂತು ಕುಡಿದ ವೆಂಕಟರವಣಪ್ಪ, ಭಾನುವಾರ ತಾನು ಮುಂದಿನ ಮೆಟ್ಟಿಲಿನಿಂದ ಬರುವುದಾಗಿ ಹೇಳಿದ.

"ಮುಂದೆ ಬಂದ್ರೆ ಫ್ರೀ ಸೂಪ್ ಇಲ್ಲ, ತಾತ," ಅಂದ ತಾಶಿ. ಗಂಡ ಹೆಂಡಿರಿಬ್ಬರೂ ನಕ್ಕರು.

ಮನೆಯಲ್ಲಿ ಮಗ ನಗಲಿಲ್ಲ. ಸಿದ್ಧಾರ್ಥ್ ತಾಲ್ಲೂಕು ಆಫೀಸಿನಲ್ಲಿ ಕೆಲಸಕ್ಕಿದ್ದವನು, ಮಾತು ಕಡಿಮೆ, ಆಡಿದರೆ ಚುಚ್ಚುವಂಥದ್ದು. "ಹೋಟ್ಲು ಹುಡುಕು ಅಂದವ್ರೆ, ಸರಿ. ಕೂತ್ಕೋ ಅಂತಾನೂ ಅಂದವ್ರಾ?"

"ಅಂದವ್ನೆ. ಪಕ್ಕದಾಗೇ ಅಂದವ್ನೆ."

"ಪಂಪ್‌ಹೌಸ್ ಹತ್ರ ಅಂದಿರ್ತಾರೆ. ಅಲ್ಲಿ ಯಾರಿದ್ರು ಕೇಳಿಸ್ಕೊಳ್ಳೋರು?"

ಪೆದ್ದಮ್ಮ ಮಗನನ್ನು ಗದರಿ, ಸಿದ್ಧಾರ್ಥನ ಮದುವೆಗೆ ಹೊಲಿಸಿದ್ದ ಬಿಳಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಇಸ್ತ್ರಿ ಮಾಡಿಸಿ ತಂದಳು.

ಭಾನುವಾರ ಮಧ್ಯಾಹ್ನ ಅವನು ಆ ಅಂಗಿ ಹಾಕಿಕೊಂಡು ಬಟ್ಟೆ ಅಂಗಡಿಯ ಮುಂದೆ ಆಟೋ ನಿಲ್ಲಿಸಿದ. ರಾಮಾಂಜಿನಪ್ಪ ಮೆಟ್ಟಿಲ ಬುಡದಲ್ಲೇ ಕಾದಿದ್ದ. ಅದನ್ನು ಕಂಡು ವೆಂಕಟರವಣಪ್ಪನ ಎದೆ ತುಂಬಿತು.

"ರವಣಾ, ನಿನ್ನಿಂದ ಒಂದು ಕೆಲ್ಸ ಆಗ್ಬೇಕಲ್ಲೋ," ಅಂದ ರಾಮಾಂಜಿನಪ್ಪ, ಹೆಗಲ ಮೇಲೆ ಕೈಯಿಟ್ಟು. "ಬೀಗರಿಗೆ ಏನೇನು ಹಾಕ್ತಾರೋ ಅಂತ ಅನುಮಾನ. ನೀನು ಒಳಗಡೆ ನಿಂತು ನೋಡ್ಕೊಂಡ್ರೆ ನಂಗೆ ಧೈರ್ಯ. ನಿನ್ನ ಬಿಟ್ಟು ಯಾರನ್ನ ನಂಬ್ಲಿ? ಮೇಲೆ ಕುರ್ಚೀನೂ ಸಾಲ್ದು, ಅವ್ರು ಒಬ್ರು ಜಾಸ್ತಿ ಬಂದವ್ರೆ."

ನಂಬಿಕೆಯ ಮಾತು. ವೆಂಕಟರವಣಪ್ಪ ಹೂಂ ಅಂದು ಕಟ್ಟಡ ಬಳಸಿಕೊಂಡು ಹಿಂದಿನ ಮೆಟ್ಟಿಲು ಹತ್ತಿದ. ಇಸ್ತ್ರಿ ಅಂಗಿ ಕಂಡು ತಾಶಿ ಹುಬ್ಬೇರಿಸಿದ. ವೆಂಕಟರವಣಪ್ಪ ತೋಳು ಮಡಚಿ ಒಲೆಯ ಪಕ್ಕ ನಿಂತ. ಯಾವ ಪಾತ್ರೆಗೆ ಯಾವ ಸೌಟು ಎಂದು ನೋಡಿದ. ಕೊಟ್ಟ ಕೆಲಸವನ್ನು ಅರೆಮನಸ್ಸಿನಿಂದ ಮಾಡುವುದು ಅವನಿಗೆ ಬಾರದು.

ಅಡಿಗೆಮನೆಯ ಬಾಗಿಲಿಗೆ ತಟ್ಟೆಯಗಲದ ಗಾಜು ಇತ್ತು. ಅದರಿಂದ ಉದ್ದನೆಯ ಮೇಜು ಕಾಣುತ್ತಿತ್ತು. ಬೀಗರು ಆ ಬದಿ, ಇವರು ಈ ಬದಿ. ನಡುವೆ ರಾಮಾಂಜಿನಪ್ಪ, ಅವನ ಬಲಕ್ಕೆ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಹಣ್ಣಿನ ಬುಟ್ಟಿ ಕೂತಿತ್ತು.

ಯಾರೋ ಕೈ ತೊಳೆಯಲು ಎದ್ದಿರಬೇಕು ಅಂದುಕೊಂಡ. ಸೂಪು ಹೋಯಿತು. ಹಬೆಯಲ್ಲಿ ಬೆಂದ ಮೊಮೊ ಹೋಯಿತು. ತೆಂಗಿನಹಾಲಿನ ಸಾರು, ಅನ್ನ ಹೋಯಿತು. ಬುಟ್ಟಿಯನ್ನು ಎತ್ತಿಡಲು ಯಾರೂ ಬರಲಿಲ್ಲ. ರಾಮಾಂಜಿನಪ್ಪ ನಗುತ್ತ, ಅದೇ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು ಸುಲಿದು ಬೀಗರ ಮಗುವಿಗೆ ಕೊಟ್ಟ.

ಆಗಲೂ ವೆಂಕಟರವಣಪ್ಪ ಅವನ ಪರವಾಗಿಯೇ ಯೋಚಿಸಿದ. ಬೀಗರ ಮುಂದೆ ಏನು ಕಷ್ಟವೋ, ಯಾವ ಮಾತು ಬಂತೋ ಎಂದು.

ಊಟ ಮುಗಿಯುವ ಹೊತ್ತಿಗೆ ಶಿರೀಷಾ ಸೀರೆಯ ನೆರಿಗೆ ಹಿಡಿದುಕೊಂಡು, ಅಡಿಗೆಯವರಿಗೆ ಒಂದು ಮಾತು ಹೇಳೋಣವೆಂದು ಒಳಗೆ ಬಂದಳು. ಅವನನ್ನು ಕಂಡು ನಿಂತುಬಿಟ್ಟಳು.

"ರವಣ ತಾತ, ನೀವು ಇಲ್ಲಿದ್ದೀರಾ? ನಾನೇ ನಿಮಗೆ ಅಂತ ಕುರ್ಚಿ ಹಾಕಿಸಿದ್ದೆ. ನೀವೇ ಬರಲ್ಲ ಅಂದ್ರಂತೆ."

"ನಾನಾ?"

"ನಮ್ಮ ತಾತ ಹೇಳಿದ್ರು. ಎಷ್ಟು ಕರೆದ್ರೂ ಒಪ್ಪಲಿಲ್ಲ, ನಮ್ಮ ಜೊತೆ ಕೂತು ತಿನ್ನಕ್ಕೆ ಅವನಿಗೇ ಮನಸ್ಸಿಲ್ಲ, ಮೊದಲಿಂದಲೂ ಹಂಗೇ ಅವನು, ಅಂತ." ಅವಳ ದನಿ ಇಳಿಯಿತು. "ಚಿಕ್ಕವಳಿದ್ದಾಗಲೂ ಕೇಳ್ತಿದ್ದೆ, ಯಾಕೆ ಒಳಗೆ ಬರಲ್ಲ ಅಂತ. ಆವಾಗಲೂ ಇದೇ ಹೇಳ್ತಿದ್ರು."

ವೆಂಕಟರವಣಪ್ಪ ಒಲೆಯ ಕಡೆ ನೋಡಿದ. ರಾಮಾಂಜಿನಪ್ಪ ನೆಪಕ್ಕೆ ಅಮ್ಮನ ಹೆಸರು ಹೇಳಿದ್ದು, ಹೆಂಡತಿಯ ಹೆಸರು ಹೇಳಿದ್ದು ಅವನಿಗೆ ಗೊತ್ತಿತ್ತು, ಅದನ್ನು ನುಂಗಿದ್ದ. ತನ್ನ ಹೆಸರನ್ನೂ ಹೇಳುತ್ತಾ ಬಂದಿದ್ದಾನೆಂದು ಗೊತ್ತಿರಲಿಲ್ಲ. ಆ ಮನೆಯವರ ಲೆಕ್ಕದಲ್ಲಿ ಇಷ್ಟು ವರ್ಷ, ಹೊಸ್ತಿಲು ದಾಟದೆ ಸೊಕ್ಕು ಮಾಡಿದವನು ತಾನೇ ಆಗಿದ್ದ.

"ನಾನು ಬರಲ್ಲ ಅಂದಿಲ್ಲ ಕಣಮ್ಮ," ಅಂದ. "ಒಂದು ಸಲಾನೂ ಅಂದಿಲ್ಲ. ನನ್ನ ಕರೆದಿಲ್ಲ."

ಶಿರೀಷಾ ಬಾಗಿಲು ತಳ್ಳಿಕೊಂಡು ಹೋಗಿ, ಹಣ್ಣಿನ ಬುಟ್ಟಿಯನ್ನು ಎತ್ತಿ ನೆಲಕ್ಕಿಟ್ಟು, ಕುರ್ಚಿ ಎಳೆದಳು. "ಬನ್ನಿ ತಾತ," ಅಂದಳು, ಎಲ್ಲರಿಗೂ ಕೇಳುವಂತೆ.

ಅವನು ಬಂದ. ಹುಡುಗನ ಸೋದರಮಾವ ರಮೇಶ್‌ಬಾಬು ತಲೆಯೆತ್ತಿ, ಇವರು ಯಾರು, ಗೊತ್ತಾಗಲಿಲ್ಲ ಎಂದು ಮರ್ಯಾದೆಯಿಂದಲೇ ಕೇಳಿದ.

ಶಿರೀಷಾ ಬಾಯಿ ತೆರೆಯುವಷ್ಟರಲ್ಲಿ ರಾಮಾಂಜಿನಪ್ಪ ಹೇಳಿಬಿಟ್ಟ. ಹೇಳುವಾಗ ವೆಂಕಟರವಣಪ್ಪನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕಿತ್ತಳೆ ಸಿಪ್ಪೆ ನೋಡಿಕೊಂಡು ಹೇಳಿದ.

"ನಮ್ ಆಟೋದವನು. ತರಕಾರಿ ಹಾಕ್ತಾನೆ."

ವೆಂಕಟರವಣಪ್ಪ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ. ಕೂರಲಿಲ್ಲ. ಅದನ್ನು ಸದ್ದಾಗದಂತೆ ಮೇಜಿನ ಕೆಳಗೆ ತಳ್ಳಿದ. ಶಿರೀಷಾಳ ತಲೆ ಮುಟ್ಟಿ, ಚೆನ್ನಾಗಿರಮ್ಮ ಅಂದ.

"ರಾಮಾಂಜಿ," ಅಂದ ಆಮೇಲೆ. ನಾಲ್ಕು ಜನರ ಎದುರು ಅವನು ಆ ಹೆಸರನ್ನು ಹಾಗೆ ಕರೆದದ್ದು ಅದೇ ಮೊದಲು. "ನಿನ್ ಕ್ರೇಟೆಲ್ಲ ಪಂಪ್‌ಹೌಸ್ ಮುಂದೆ ಇಳಿಸಿರ್ತೀನಿ. ನಾಳೆಗೆ ಬೇರೆ ಗಾಡಿ ನೋಡ್ಕೋ."

ರಾಮಾಂಜಿನಪ್ಪ ಅರ್ಧ ಎದ್ದ, ಬೀಗರ ಕಡೆ ನೋಡಿದ, ಮತ್ತೆ ಕೂತ.

ಅಡಿಗೆಮನೆಯ ಬಾಗಿಲಲ್ಲಿ ತಾಶಿ ಕೈಯಲ್ಲೊಂದು ಬಟ್ಟಲು ಹಿಡಿದು ನಿಂತಿದ್ದ. ವೆಂಕಟರವಣಪ್ಪ ಅವನಿಗೆ ಬೇಡವೆಂದು ಕೈಯಾಡಿಸಿ, ಹೋಟೆಲಿನ ಮುಂಬಾಗಿಲು ತಳ್ಳಿ, ಮುಂದಿನ ಮೆಟ್ಟಿಲಿನಿಂದ ಇಳಿದು ಹೋದ. ಅವತ್ತು ಸಂಕ್ರಾಂತಿ ಕಳೆದ ಮೊದಲ ಭಾನುವಾರ; ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತ ಊರೆಲ್ಲ ಹಂಚಿ ವಾರವೂ ಆಗಿರಲಿಲ್ಲ.