ಮಸ್ಕತ್ತು ಮುಟ್ಟುವ ತನಕ

"ಕಸಬರಿಗೆ ಕೆಳಗಿಡು ರುದ್ರಾಣಿ. ನನ್ನ ಮಗ ಇನ್ನಾ ಗಾಳ್ಯಾಗೆ ಅವನೆ."

ಅತ್ತೆ ಶಂಕ್ರಮ್ಮ ಪಡಸಾಲೆಯ ನಟ್ಟನಡುವೆ ಕಾವಲಿಗೆ ಕೂತಿದ್ದರು. ಮನೆಯಿಂದ ಹೊರಟವರು ಹೋದ ಊರು ಮುಟ್ಟುವ ತನಕ ಕಸ ಗುಡಿಸುವಂತಿಲ್ಲ. ದಾವಣಗೆರೆಗೆ ಹೋದರೆ ಒಂದು ಹೊತ್ತಿನ ಮಾತು. ರುದ್ರಾಣಿಯ ಗಂಡ ಮಹೇಶ್ವರಪ್ಪ ಮೋಟಾರು ರಿಪೇರಿ ಕೆಲಸಕ್ಕೆಂದು ಮಸ್ಕತ್ತಿಗೆ ಹೊರಟು ಮೂರು ದಿನವಾಗಿತ್ತು. ಬೊಂಬಾಯಿಯಲ್ಲಿ ಅವನು ವಿಮಾನ ಹತ್ತುವುದೇ ಈ ಬೆಳಿಗ್ಗೆ ಒಂಬತ್ತಕ್ಕೆ. ಕಳಿಸಿಕೊಡಲು ಬಂದಿದ್ದ ಅರ್ಧ ನಲ್ಲೂರು ತಿಂದು ಚೆಲ್ಲಿದ ಮಂಡಕ್ಕಿ, ಶೇಂಗಾ ಸಿಪ್ಪೆ ಬಿದ್ದಲ್ಲೇ ಬಿದ್ದಿತ್ತು. ಮಧ್ಯಾಹ್ನದ ಬಸ್ಸಿಗೆ ರುದ್ರಾಣಿಯ ಅಣ್ಣನ ಹೆಂಡತಿ ಕೊಟ್ರಮ್ಮ ಸಂತೇಬೆನ್ನೂರಿನಿಂದ ಬರುವವಳಿದ್ದಳು. "ಈ ಮನೆಗಿಂತ ನಮ್ಮ ಕೊಟ್ಟಿಗೆ ಚೊಕ್ಕ ಐತೆ" ಎಂದು ಮದುವೆಯ ದಿನವೇ ನಾಲ್ಕು ಜನರೆದುರು ಅಂದವಳು.

"ತಂತಿ ಬರಲಿ, ಆಮ್ಯಾಲೆ ಗುಡಿಸೀಯಂತೆ."

"ತಂತಿ ಬರಾಕೆ ನಾಲ್ಕು ದಿನ ಬೇಕು ಅತ್ತೆ! ಲೆಕ್ಕ ಹಾಕಿದ್ರೆ ಗೊತ್ತಾಗಲ್ವಾ?"

ಪಕ್ಕದ ಮನೆಯ ಹಾಲೇಶಪ್ಪ ಚನ್ನಗಿರಿ ಬಸ್ಸಿನ ಕಂಡಕ್ಟರು. ಅಂದು ಅವನಿಗೆ ರಜೆ. ರುದ್ರಾಣಿ ಕರೆತಂದಳು. ಅವಳ ಶಾಲೆಯ ಕಾಲದ ಭೂಪಟದಲ್ಲಿ ಅವನು ಬೊಂಬಾಯಿಯಿಂದ ಮಸ್ಕತ್ತಿಗೆ ದಾರ ಹಿಡಿದ, ಆಮೇಲೆ ಅದನ್ನು ಹಾಳೆಯ ಕೆಳಗಿನ ಅಳತೆಗೆ ತಾಗಿಸಿದ.

"ಸಾವಿರದ ಆರುನೂರು ಕಿಲೋಮೀಟರು. ವಿಮಾನ ತಾಸಿಗೆ ಎಂಟುನೂರು ಓಡ್ತೈತೆ. ಎರಡು ತಾಸು. ಏರಾಕೆ ಇಳಿಯಾಕೆ ಅರ್ಧ ತಾಸು ಸೇರಿಸ್ರಿ. ಹನ್ನೊಂದೂವರೆಗೆ ಇಳಿದ. ಈಗ ಹನ್ನೆರಡಾತು."

"ನಡುವೆ ಎಲ್ಲೂ ನಿಲ್ಸಲ್ವಾ?" ಶಂಕ್ರಮ್ಮ ಕೇಳಿದರು.

"ಸಮುದ್ರದ ಮ್ಯಾಲೆ ಯಾರು ಕೈ ಅಡ್ಡ ಹಾಕ್ತಾರೆ ಅಕ್ಕಾ?"

ಅಷ್ಟಕ್ಕೇ ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಹಾಲೇಶಪ್ಪ ತನಗೆ ತಿಳಿದದ್ದನ್ನು ಹೇಳದೆ ಏಳುವವನಲ್ಲ. "ಅಂದಂಗೆ ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಅಲ್ಲೀಗ ಹತ್ತೂವರೆ."

ಶಂಕ್ರಮ್ಮ ನೆಟ್ಟಗಾದರು. "ಹತ್ತೂವರೆನಾ? ಹನ್ನೊಂದೂವರೆಗೆ ಇಳಿಯೋನು ಹತ್ತೂವರೆಗೆ ಎಲ್ಲಿರ್ತಾನೆ? ಮ್ಯಾಲೇ ಅವನೆ!"

"ಹಿಂದಿರೋದು ಗಡಿಯಾರ ಅಕ್ಕಾ, ವಿಮಾನ ಅಲ್ಲ!"

"ನಿನ್ನ ಬಸ್ಸೇ ದಿನಾ ತಡ. ವಿಮಾನದ ಟೈಮು ಹೇಳಾಕೆ ಬಂದ."

ಮೂರು ಥರದಲ್ಲಿ ಬಿಡಿಸಿ ಹೇಳಿ ಹಾಲೇಶಪ್ಪನ ಗಂಟಲು ಒಣಗಿತು. ಕೊನೆಗೆ ಶಂಕ್ರಮ್ಮ ಮಂಡಿ ಹಿಡಿದು ಎದ್ದರು. "ಗುಡಿಸ್ಕೊ ಹೋಗವ್ವ. ಹೆಂಡ್ತಿಗಿಲ್ಲದ ಚಿಂತೆ ನನಗ್ಯಾಕೆ" ಎಂದು ಒಳಗೆ ಹೋದರು.

ರುದ್ರಾಣಿ ಸೆರಗು ಸಿಕ್ಕಿಸಿ ಬಗ್ಗಿದಳು. ಕಸಬರಿಗೆ ನೆಲಕ್ಕೆ ತಾಗಿತು, ಆದರೆ ಕೈ ಓಡಲಿಲ್ಲ.

"ಹಾಲೇಶಣ್ಣ, ಎದುರುಗಾಳಿ ಬಂದ್ರೆ?"

"ಒಂದೀಟು ತಡ ಆಗಬಹುದು."

"ಹೊರಡಾಕೇ ತಡ ಆಗಿದ್ರೆ?"

ಹಾಲೇಶಪ್ಪ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಅದು ಭೂಪಟದಾಗೆ ಹೆಂಗೆ ಗೊತ್ತಾಗ್ತೈತೆ ತಂಗೀ?"

ಅವಳು ಕಸಬರಿಗೆಯನ್ನು ಬಾಗಿಲ ಸಂದಿಗೆ ಇಟ್ಟುಬಿಟ್ಟಳು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

ಕೊಟ್ರಮ್ಮ ಹೊಸ್ತಿಲಲ್ಲೇ ನಿಂತು ಪಡಸಾಲೆಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದಳು. ಬಾಯಿ ತೆರೆದಳು.

"ಅವರು ಇನ್ನಾ ಮುಟ್ಟಿಲ್ಲ" ಎಂದಳು ರುದ್ರಾಣಿ.

ಕೊಟ್ರಮ್ಮನ ಬಾಯಿ ಮುಚ್ಚಿತು. ಸೀರೆಯ ನಿರಿಗೆ ಎತ್ತಿ ಹಿಡಿದು, ಮಂಡಕ್ಕಿಯ ಸಂದಿನಲ್ಲಿ ಹೆಜ್ಜೆ ಹುಡುಕುತ್ತ ಬಂದು ಗೋಡೆಗೊರಗಿ ಕೂತಳು. ಕಾಲ ಬಳಿಯಿದ್ದ ಶೇಂಗಾ ಸಿಪ್ಪೆಯೊಂದನ್ನು ಹೆಬ್ಬೆರಳಿನಿಂದ ಅತ್ತ ತಳ್ಳಿದಳು. ಆಮೇಲೆ ಅದೇ ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು, ಅದು ಇದ್ದಲ್ಲಿಗೇ ತಂದಿಟ್ಟಳು.