ಎರಡು ಫಲಕಗಳ ತೋಪು

ಮೊದಲಿಗೆ ಅತ್ಯಂತ ಗಂಭೀರವಾದ ಸಂಗತಿಯೊಂದನ್ನು ತಿಳಿಸುತ್ತೇನೆ. ಕೂತವರು ದಯವಿಟ್ಟು ಎದ್ದು ನಿಂತು ಕೇಳಬೇಕು. ನನ್ನ ಬಾಯಿಂದ ಹಿರೇಬುರುಜ ಊರಿನ ಮೂರನೇ ವಾರ್ಡಿನ ಅಂಗನವಾಡಿಯ ಹಿಂಗೋಡೆಗೆ ತೊಂಬತ್ನಾಲ್ಕು ಮೀಟರು. ಇದನ್ನು ಎರಡು ಸರ್ಕಾರದವರು ಮೂರು ಸಲ ಅಳೆದಿದ್ದಾರೆ, ಒಬ್ಬರ ಟೇಪನ್ನು ಇನ್ನೊಬ್ಬರು ನಂಬದೆ.

ನಾನು ಒಂದು ತೋಪು, ಹಳೆಯ ಫಿರಂಗಿ. ಹುಟ್ಟಿದ್ದು ಸುಲ್ತಾನರ ಕಾಲದಲ್ಲಿ, ಇಲ್ಲಿನ ಕೋಟೆಯ ಹಿಂದಿದ್ದ ಕುಲುಮೆಯಲ್ಲಿ. ಮೈ ಆರುವ ಮೊದಲೇ ನನ್ನನ್ನು ಕೋಟೆಯ ಹೊರಗಿನ ಒಂಟಿ ಬುರುಜಿನ ಮೇಲೇರಿಸಿ, ಬರುವವರನ್ನೆಲ್ಲ ಅನುಮಾನದಿಂದ ನೋಡುವ ಕೆಲಸ ಕೊಟ್ಟರು. ಕೆಲಸ ಹೋಯಿತು, ಅನುಮಾನ ಉಳಿಯಿತು. ಇಷ್ಟು ಆಯುಷ್ಯದಲ್ಲಿ ನಾನು ಸಿಡಿದದ್ದು ಮೂರೇ ಸಲ: ಎರಡು ಸಲ ಸುಲ್ತಾನನಿಗೆ ಮಕ್ಕಳಾದವೆಂದು, ಒಂದು ಸಲ ಕೈತಪ್ಪಿ. ಸುಲ್ತಾನರು ಹೋಗಿ ಮೊಗಲರು ಬಂದರು, ಅವರು ಹೋಗಿ ನಿಜಾಮ ಬಂದ. ಬಂದವರೆಲ್ಲ ನನ್ನ ಬೆನ್ನು ತಟ್ಟಿ ‘ನಮ್ಮದು’ ಎಂದರು. ಒಡೆಯ ಒಬ್ಬನೇ ಇದ್ದರೆ ಒಂದು ಅನುಕೂಲವಿದೆ, ಯಾರಿಗೆ ಹೆದರಬೇಕೆಂದು ಗೊತ್ತಿರುತ್ತದೆ.

ನಿಜಾಮನ ಕಾಲ ಮುಗಿದ ಮೇಲೆ ಬುರುಜು ಕುಸಿದು ನಾನು ಬಯಲಿಗೆ ಬಂದು ಬಿದ್ದೆ. ಅಲ್ಲಿಂದ ನನಗೆ ಇಬ್ಬರು ಒಡೆಯರು. ಅದು ಹೇಗೆಂದು ಕಾಲೇಜಿನ ಮೇಷ್ಟ್ರೊಬ್ಬರು ನನ್ನ ಮೇಲೆಯೇ ಕೂತು ಹುಡುಗರಿಗೆ ಪಾಠ ಹೇಳಿದರು.

“ಸಂವಿಧಾನದಾಗ ಮೂರು ಪಟ್ಟಿ ಅವ. ಸೈನ್ಯ, ರೈಲು, ನಾಣ್ಯ ಇವೆಲ್ಲ ದಿಲ್ಲಿಗೆ. ಪೊಲೀಸು, ದವಾಖಾನಿ, ಭೂಮಿ ರಾಜ್ಯಕ್ಕ. ಮೂರನೇ ಪಟ್ಟಿ ಇಬ್ಬರಿಗೂ ಕೂಡಿದ್ದು. ಅದರಾಗ ಜಗಳ ಬಂದ್ರ ಸಾಮಾನ್ಯವಾಗಿ ದಿಲ್ಲಿ ಮಾತೇ ನಡೀತದ.”

“ಹಳೇ ಕೋಟಿ-ಕೊತ್ತಲ ಯಾರಿಗ್ರಿ ಸರ್?”

“ರಾಷ್ಟ್ರೀಯ ಮಹತ್ವದ್ದು ಅಂತ ದಿಲ್ಲಿ ಸಾರಿದ್ದು ದಿಲ್ಲಿಗೆ, ಉಳಿದದ್ದು ರಾಜ್ಯಕ್ಕ.”

“ಮತ್ತ ಈ ತೋಪು?”

ಮೇಷ್ಟ್ರು ನನ್ನ ಮೇಲಿಂದ ಇಳಿದರು.

ಕೋಟೆ ದಿಲ್ಲಿಯದು, ಕುಸಿದ ಬುರುಜು ರಾಜ್ಯದ್ದು. ನಾನು ಕೋಟೆಯ ತೋಪೋ ಬುರುಜಿನ ತೋಪೋ ಎಂಬುದು ಯಾವ ಕಾಗದದಲ್ಲೂ ಇಲ್ಲ. ಹಾಗಾಗಿ ನನ್ನ ಎಡಕ್ಕೆ ದಿಲ್ಲಿಯ ನೀಲಿ ಫಲಕ, ಬಲಕ್ಕೆ ರಾಜ್ಯದ ಹಳದಿ ಫಲಕ. ನನಗೆ ಹಾನಿ ಮಾಡಿದವರಿಗೆ ಶಿಕ್ಷೆಯಾಗುತ್ತದೆಂದು ಎರಡೂ ಹೇಳುತ್ತವೆ. ಒಂದು ಪೊರಕೆಯನ್ನು ಮಾತ್ರ ಇಬ್ಬರೂ ಕಳಿಸಿದ್ದಿಲ್ಲ. ಊರಿನವರು ಜಾಣರು, ಯಾರಿಗೂ ಬೇಸರ ಮಾಡುವುದಿಲ್ಲ. ಆಗಸ್ಟ್ ಹದಿನೈದಕ್ಕೆ ಪೇಂಟರ್ ಖಾಸಿಂ ನನಗೆ ಮೂರು ಬಣ್ಣ ಬಳಿಯುತ್ತಾನೆ, ನವೆಂಬರ್ ಒಂದಕ್ಕೆ ಅದರ ಮೇಲೆಯೇ ಹಳದಿ-ಕೆಂಪು. ಹಳೆಯದನ್ನು ಕೆರೆಯುವುದಿಲ್ಲ. ಹೀಗೆ ವರ್ಷಕ್ಕೆರಡು ಪದರದಂತೆ ನಾನು ದಪ್ಪವಾಗುತ್ತಿದ್ದೇನೆ.

ಕಳೆದ ಮಾರ್ಚಿನಲ್ಲಿ ಅಂಗನವಾಡಿಯ ಛಾವಣಿಯಿಂದ ಗಾರೆಯ ಹೆಂಟೆಯೊಂದು ಬಿದ್ದು ಉಪ್ಪಿಟ್ಟಿನ ಪಾತ್ರೆಯೊಳಗೆ ಕೂತಿತು. ಮೇಲಿನವರಿಂದ ಆಜ್ಞೆ ಬಂತು: ಜೂನ್ ಒಳಗೆ ಛಾವಣಿ ದುರಸ್ತಿಯಾಗಬೇಕು, ಇಲ್ಲದಿದ್ದರೆ ಅಂಗನವಾಡಿಯನ್ನು ಹೆದ್ದಾರಿಯ ಆಚೆಗೆ ಸಾಗಿಸಲಾಗುವುದು. ಲಾರಿಗಳು ಓಡುವ ಆ ರಸ್ತೆ ದಾಟಿಸಿ ಮೂರು ವರ್ಷದ ಮಗುವನ್ನು ಯಾವ ತಾಯಿಯೂ ಕಳಿಸುವುದಿಲ್ಲ. ಕಾರ್ಯಕರ್ತೆ ಮಹಾನಂದಾ ಪುರಸಭೆಗೆ ಓಡಿದಳು. ಎಂಜಿನಿಯರ್ ಸಿಮೆಂಟು ಸಿದ್ಧವಿದೆ ಎಂದರು. ಆದರೆ ತೋಪಿನಿಂದ ನೂರು ಮೀಟರಿನೊಳಗೆ ಗಾರೆ ಕಲಸಬೇಕಾದರೆ ತೋಪಿನ ಒಡೆಯರ ಅನುಮತಿ ಬೇಕು.

ಇಬ್ಬರು ಅಧಿಕಾರಿಗಳು ಬಂದರು. ದಿಲ್ಲಿಯ ಇಲಾಖೆಯಿಂದ ಮಂಗಳೂರಿನ ಶೆಣೈ, ರಾಜ್ಯದ ಇಲಾಖೆಯಿಂದ ಮಂಡ್ಯದ ಪುಟ್ಟಲಿಂಗಯ್ಯ. ಅಳತೆ ಮುಗಿಸಿ ಟೇಪು ಸುತ್ತಿಕೊಂಡರು.

“ಇದು ನಮ್ಮದಲ್ಲ ಮಾರಾಯ್ರೆ, ಬುರುಜಿನದ್ದು,” ಎಂದರು ಶೆಣೈ.

“ನಮ್ದೂ ಅಲ್ಲ ಕಣಮ್ಮ, ಕೋಟೇದು,” ಎಂದರು ಪುಟ್ಟಲಿಂಗಯ್ಯ.

“ನಿಮ್ಮದಲ್ಲ ಅಂತ ಬರದು ಕೊಡ್ರಿ ಮತ್ತ,” ಎಂದಳು ಮಹಾನಂದಾ.

ಇಬ್ಬರೂ ಪೆನ್ನಿನ ಮುಚ್ಚಳ ಹಾಕಿದರು. ತೋಪನ್ನು ಬಿಟ್ಟುಕೊಟ್ಟವನೆಂಬ ಹೆಸರು ಯಾರಿಗೆ ಬೇಕು? ಕೊನೆಗೆ ಶೆಣೈ ಒಂದು ದಾರಿ ಹೇಳಿದರು. ನನ್ನ ಬೆನ್ನ ಮೇಲೆ ದಿಲ್ಲಿ ಇಲಾಖೆಯ ಹಳೆಯ ಸರ್ವೆಯ ಸಂಖ್ಯೆ ಕೊರೆದಿದ್ದರೆ ನಾನು ದಿಲ್ಲಿಯವನು. ಬಣ್ಣ ಕೆರೆದು ನೋಡಿದರಾಯಿತು. ಅಲ್ಲೇ ನಿಂತಿದ್ದ ಖಾಸಿಂ ಬಣ್ಣ ಕೆರೆಯುವ ಪಟ್ಟಿ ತೆಗೆದ. ಪುಟ್ಟಲಿಂಗಯ್ಯ ಅವನ ಕೈ ಹಿಡಿದರು.

“ಏಯ್, ಪ್ರಾಚೀನ ವಸ್ತು ಕೆರೆಯೋಕೆ ಪರ್ಮಿಷನ್ ಬೇಕು ಕಣಯ್ಯ!”

“ಯಾರ ಪರ್ಮಿಷನ್ ಸಾಬ್?”

“ಅದು ಯಾರದೋ ಅವರದು.”

ಮಹಾನಂದಾ ನಕ್ಕಳು, ಖುಷಿಯಿಂದಲ್ಲ. “ನನಗ ಗೌರವಧನ ದಿಲ್ಲಿ, ರಾಜ್ಯ ಇಬ್ಬರೂ ಕೂಡೇ ಕೊಡ್ತಾರ್ರಿ. ನಾ ಯಾರಾಕಿ ಅಂತ ಇವತ್ತಿನ ತನಕ ಯಾರೂ ಟೇಪ್ ಹಿಡದಿಲ್ಲ.”

ಜೀಪುಗಳು ಹೋದವು. ಏಪ್ರಿಲ್ ಕಳೆಯಿತು. ಮೇ ತಿಂಗಳ ಮೊದಲ ವಾರ ಅವಳು ಬಂದು ನನ್ನ ಬೆನ್ನ ಮೇಲೆ ಕಾಗದ ಹರವಿಕೊಂಡು ಎರಡು ಅರ್ಜಿ ಬರೆದಳು, ಇಬ್ಬರಿಗೂ ಒಂದೊಂದು. ಎರಡರಲ್ಲೂ ಒಂದೇ ಮಾತು: ತೋಪು ತಮ್ಮದಾದ್ದರಿಂದ ಛಾವಣಿ ದುರಸ್ತಿಗೆ ಅನುಮತಿ ಕೊಡಬೇಕು. ದಿಲ್ಲಿಯವರ ಅರ್ಜಿಯ ಕೆಳಗೆ ‘ಪ್ರತಿ: ರಾಜ್ಯದ ಇಲಾಖೆಗೆ, ಮಾಹಿತಿಗಾಗಿ’ ಎಂದು ಸೇರಿಸಿದಳು. ರಾಜ್ಯದವರ ಅರ್ಜಿಯ ಕೆಳಗೆ ‘ಪ್ರತಿ: ಕೇಂದ್ರದ ಇಲಾಖೆಗೆ, ಮಾಹಿತಿಗಾಗಿ’.

“ಇದೇನ್ ಅಕ್ಕಾ, ಒಂದೇ ಅರ್ಜಿ ಇಬ್ಬರಿಗೂ?” ಎಂದ ಖಾಸಿಂ.

“ಮ್ಯಾಲಿಂದು ಯಾರ್ ಓದ್ತಾರೋ ಖಾಸಿಂ. ಕೆಳಗಿನ ಸಾಲು ಓದ್ತಾರ ನೋಡು.”

ಒಂಬತ್ತನೇ ದಿನ ಬೆಳಿಗ್ಗೆ ಶೆಣೈಯವರ ಜೀಪು ಬಂತು. “ಅವರಿಗೆ ಯಾಕೆ ಅರ್ಜಿ ಹಾಕಿದ್ದು ಮಾರಾಯ್ರೆ? ಅನುಮತಿ ಅವರು ಕೊಟ್ಟರೆ ತೋಪು ಅವರದ್ದೇ ಅಂತ ಆಗ್ತದಲ್ಲ!” ಎನ್ನುತ್ತಾ ಮೊಹರು ಒತ್ತಿದ ಅನುಮತಿ ಪತ್ರವನ್ನು ಅವಳ ಕೈಗಿಟ್ಟರು. ಮಧ್ಯಾಹ್ನ ಪುಟ್ಟಲಿಂಗಯ್ಯ ಬಂದರು. “ಅವರು ಕೊಟ್ಬಿಟ್ರಾ? ಕೊಡೋಕೆ ಅವರ್ಯಾರಮ್ಮ? ತಗೊಳ್ಳಿ ನಮ್ದು.” ಅವರ ಪತ್ರಕ್ಕೆ ಎರಡು ಮೊಹರು ಇದ್ದವು.

ಪುರಸಭೆಯ ಎಂಜಿನಿಯರು ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದರು. ಒಂದೂ ಅನುಮತಿ ಇಲ್ಲದಾಗ ಹೆದರಿದ್ದ ಮನುಷ್ಯ, ಎರಡು ಬಂದಾಗ ಇನ್ನಷ್ಟು ಹೆದರಿ ಅದೇ ಸಂಜೆ ಕೆಲಸ ಶುರು ಮಾಡಿಸಿದರು.

ನಾನು ಮುದಿ ತೋಪು. ಯಾರನ್ನೂ ಸುಲಭವಾಗಿ ನಂಬುವುದಿಲ್ಲ. ಆ ಇಬ್ಬರು ಪರಸ್ಪರ ನಂಬಿದ್ದರೆ ಮಹಾನಂದಾಳ ಅರ್ಜಿಗಳು ಇಂದಿಗೂ ಎರಡು ಕಪಾಟಿನಲ್ಲಿ ನೆಮ್ಮದಿಯಾಗಿ ಮಲಗಿರುತ್ತಿದ್ದವು ಎಂಬುದು ನನ್ನ ಗುಮಾನಿ. ಅಧಿಕಾರವನ್ನು ಎರಡು ಪಾಲು ಮಾಡಿದ ಹಿರಿಯರು ಇದನ್ನು ತಿಳಿದೇ ಮಾಡಿದ್ದರೋ ಏನೋ, ಅವರ ಮೇಲೂ ನನಗೆ ಸ್ವಲ್ಪ ಅನುಮಾನವಿದೆ.

ಜೂನ್ ಮೊದಲ ಸೋಮವಾರ ಅಂಗನವಾಡಿ ಹೊಸ ಛಾವಣಿಯ ಕೆಳಗೆ ಬಾಗಿಲು ತೆರೆಯಿತು. ಮೂವತ್ತೊಂದು ಮಕ್ಕಳು ಬಂದರು.